ಇದ್ದಿಲು ಕೊಟ್ಟವರು

ಅವರಿಗೆ ಹುಬ್ಬುಗಳಿರಲಿಲ್ಲ. ಮೂವತ್ತು ವರ್ಷ ಕುರಿಯ ತಲೆಕಾಲು ಸುಟ್ಟುಕೊಡುವ ಕೆಲಸ ಮಾಡಿ, ಕೆಂಡದ ಝಳಕ್ಕೆ ಹುಬ್ಬೂ ರೆಪ್ಪೆಯೂ ಉದುರಿಹೋಗಿ, ಮುಖ ಸದಾ ಈಗತಾನೇ ಏನೋ ಕೇಳಿ ಬೆರಗಾದವರಂತೆ ಕಾಣುತ್ತಿತ್ತು. ಕೊಳ್ಳೇಗಾಲದಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದ ಮನೆಯ ಹಿತ್ತಿಲಿಗೆ ಅವರ ಹಿತ್ತಿಲು ತಾಗಿಕೊಂಡಿತ್ತು. ನಡುವೆ ಮೊಣಕಾಲೆತ್ತರದ ಗೋಡೆ. ನನ್ನ ಗಂಡ ಅವರನ್ನು ಮಾವ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಭಾನುವಾರ ಬೆಳಿಗ್ಗೆ ಜನ ಮಾಂಸದಂಗಡಿಯಿಂದ ನೇರವಾಗಿ ಅವರಲ್ಲಿಗೆ ಚೀಲ ಹಿಡಿದು ಬರುತ್ತಿದ್ದರು. ಮಾವನ ಒಲೆ ಮನೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಬಯಲಿನಲ್ಲಿತ್ತು. ಪಕ್ಕದಲ್ಲಿ ತುಂಬಿದ ಬಕೆಟ್, ಒಂದು ಗುಡ್ಡೆ ಮರಳು. ಸೀಮೆಎಣ್ಣೆ ಮುಟ್ಟುತ್ತಿರಲಿಲ್ಲ, ತೆಂಗಿನ ನಾರಿನಲ್ಲೇ ಹೊತ್ತಿಸುವುದು. ಕೆಲಸ ಮುಗಿದ ಮೇಲೆ ಬೂದಿಗೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿಯುತ್ತಿದ್ದರು. ಇಷ್ಟೆಲ್ಲ ಯಾಕೆ ಮಾವ ಅಂದರೆ, "ಉರಿಗ ಬಾಯಿ ಅದ ಕನವ್ವ, ಕೂಗಿ ಏಳ್ತದ. ಕೆಂಡ ಮೂಗ" ಎನ್ನುತ್ತಿದ್ದರು.

ನನ್ನ ಗಂಡನಿಗೆ ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡುವ ಹುಚ್ಚು. ಒಂದು ದಿನ ಕೋಳಿ ಸುಡುವ ಪುಟ್ಟ ಕಬ್ಬಿಣದ ಒಲೆಯನ್ನೇ ತಂದುಬಿಟ್ಟರು. ಮಾವ ಅರ್ಧ ಮೂಟೆ ಇದ್ದಿಲು ಕೊಟ್ಟರು. ಕೊಟ್ಟು ಸುಮ್ಮನಾಗದೆ ಗೋಡೆ ದಾಟಿ ಬಂದು, ಹಿತ್ತಿಲಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆಂದು ನೋಡಿ, ಒಂದು ಜಾಗ ಗುರುತು ಮಾಡಿದರು.

"ಇಲ್ಲೇ ಮಡಗ್ಬೇಕು. ಮಳ ಬಂದ್ರ ಕೋಳಿ ಆಸ ಬುಟ್ಬುಡಿ. ಒಲ ಮಾತ್ರ ಒಳಕ ತಕ್ಕಂಡೋಗ್ಬ್ಯಾಡಿ."

ಕಾರ್ತಿಕ ಕಳೆದ ಮೇಲೆ, ಚಂಡಮಾರುತದ ಜಡಿಮಳೆ ಹಿಡಿದಿದ್ದ ದಿನಗಳು. ಒಂದು ಭಾನುವಾರ ಮಧ್ಯಾಹ್ನ ಹೊಳವು ಕೊಟ್ಟಿತೆಂದು ಒಲೆ ಹಚ್ಚಿದೆವು. ಕೋಳಿ ಅರ್ಧ ಬೇಯುವಷ್ಟರಲ್ಲಿ ಮತ್ತೆ ಹನಿ ಶುರುವಾಯಿತು. ನನ್ನ ಗಂಡ, "ಮಾವ ಬೈತಾರೆ, ಬಿಡು" ಎಂದರು. ಅರ್ಧ ಬೆಂದಿದೆ, ಒಳಗೇ ಇಡೋಣ ಎಂದವಳು ನಾನು. ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಒಲೆಯನ್ನು ಎತ್ತಿ ತಂದವಳೂ ನಾನೇ. ಎರಚಲು ಬೀಳುತ್ತದೆಂದು ಬಾಗಿಲು, ಕಿಟಕಿ ಮುಚ್ಚಿದೆ. ಹೊಗೆಯಿರಲಿಲ್ಲ. ಕೋಣೆ ಹಿತವಾಗಿ ಬೆಚ್ಚಗಾಯಿತು. ಉಂಡು ಚಾಪೆಯ ಮೇಲೆ ಒರಗಿದೆವು. ತಲೆ ಭಾರ ಅಂದರು ಅವರು. ನನಗೂ ಹಾಗೇ ಆಗುತ್ತಿತ್ತು. ಊಟ ಜಾಸ್ತಿಯಾಯಿತೆಂದುಕೊಂಡೆ.

ಆಮೇಲೆ ನೆನಪಿರುವುದು ಹಿತ್ತಿಲ ಕೆಸರಿನಲ್ಲಿ ಅಂಗಾತ ಮಲಗಿದ್ದುದು, ಬಾಯೊಳಗೆ ಮಳೆಯ ನೀರು. ಮಾವ ತಮ್ಮ ಇದ್ದಿಲಿನ ಮೂಟೆಗೆ ಟಾರ್ಪಾಲು ಹೊದಿಸಲು ಬಂದವರು, ನಮ್ಮ ಒಲೆಯ ಜಾಗ ಬರಿದಾಗಿದ್ದುದನ್ನು ಕಂಡರಂತೆ. ಕೂಗಿದರಂತೆ. ಉತ್ತರ ಬಾರದಿದ್ದಾಗ ಕಬ್ಬಿಣದ ಸಲಾಕೆಯಿಂದ ಬಾಗಿಲು ಮೀಟಿದರು. ಬಾಗಿಲ ಹತ್ತಿರವಿದ್ದ ನನ್ನನ್ನು ಮೊದಲು ಎಳೆದರು, ಆಮೇಲೆ ನನ್ನ ಗಂಡನನ್ನು. ಆಸ್ಪತ್ರೆಯಲ್ಲಿ ಡಾಕ್ಟರು, ಇದ್ದಿಲಿನ ವಿಷಗಾಳಿಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ ಎಂದರು. ನನ್ನ ಗಂಡ ಉಳಿಯಲಿಲ್ಲ.

ಮಣ್ಣು ಮಾಡಿದ್ದು ಅವರ ಊರು ಮಾಂಬಳ್ಳಿಯಲ್ಲಿ. ಅಲ್ಲಿ ನನ್ನತ್ತೆ ಎಲ್ಲರ ಮುಂದೆ, "ನನ್ ಮಗನ್ಗ ಇದ್ದಿಲು ಕೊಟ್ಟೋರು ಯಾರು?" ಎಂದು ಕೇಳಿದರು.

ಹಿಂದೆ ನಿಂತಿದ್ದ ಮಾವ ಮುಂದೆ ಬಂದರು. "ನಾನು ಕನವ್ವ" ಎಂದರು. ಅಷ್ಟೇ. ಎಚ್ಚರಿಸಿದ್ದೆ ಎನ್ನಲಿಲ್ಲ. ಒಲೆ ಕೋಣೆಯೊಳಗಿದ್ದುದನ್ನು ಕಣ್ಣಾರೆ ಕಂಡವರು, ಅದನ್ನೂ ಎತ್ತಲಿಲ್ಲ. ಅವರು ನನ್ನ ಕಡೆ ನೋಡಲೂ ಇಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ.

ಇದ್ದಿಲಿಗೆ ಏನೋ ಬೆರೆಸಿದ್ದರೆಂದು ಬೀದಿಯಲ್ಲಿ ಮಾತು ಹುಟ್ಟಿತು. ಭಾನುವಾರದ ಚೀಲಗಳು ಕಡಿಮೆಯಾದವು, ಮತ್ತೆ ನಿಂತೇಹೋದವು. ನಲ್ಲಿಯ ಹತ್ತಿರ ಆ ಮಾತು ನನ್ನ ಕಿವಿಗೂ ಬಿತ್ತು. ಬಿಂದಿಗೆ ತುಂಬಿಸಿಕೊಂಡು ಬಂದೆ.

ಒಮ್ಮೆ ಗೋಡೆಯ ಬಳಿ ನಿಂತು, "ಯಾಕೆ ಮಾವ, ನೀವು ನಿಜ ಹೇಳಲಿಲ್ಲ?" ಎಂದು ಕೇಳಿದೆ.

"ನಿಜ ಏಳುದ್ರ ಅವ ಎದ್ ಬಂದನಾ? ನೀ ಇನ್ನೂ ಅವರ ಮಧ್ಯ ಬದುಕ್ಬೇಕಾದೋಳು. ಬುಡವ್ವ."

ಆ ಮಾತಿನ ಮರೆಯಲ್ಲಿ ನಾನು ಮತ್ತೂ ಐದಾರು ತಿಂಗಳು ಸುಮ್ಮನಿದ್ದೆ.

ಆಷಾಢದಲ್ಲಿ ಅವರು ಉಬ್ಬಸ ಹೆಚ್ಚಾಗಿ ತೀರಿಕೊಂಡರು. ಹೆಗಲು ಕೊಡಲು ನಾಲ್ವರನ್ನು ಹುಡುಕಬೇಕಾಯಿತು. ಮೂರನೆಯ ದಿನ ಬಸ್ಸು ಹತ್ತಿ ಮಾಂಬಳ್ಳಿಗೆ ಹೋದೆ. ಅತ್ತೆ ಜಗುಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮಾವ ಜಾಗ ತೋರಿಸಿದ್ದು, ಒಳಗೆ ಬೇಡ ಎಂದದ್ದು, ಒಲೆಯನ್ನು ಒಳಗೆ ತಂದವಳು ನಾನೇ ಎಂಬುದು. ಅವರು ಕೈಯಲ್ಲಿದ್ದ ಕಾಯನ್ನು ಬಿಡಿಸದೆ ಹಾಗೇ ಮೊರಕ್ಕೆ ಹಾಕಿದರು.

"ನಂಗ ಯಾಕ್ ಏಳೀಯೆ ಈಗ?" ಎಂದರು. "ಆ ಮನುಷ್ಯ ಬದುಕಿದ್ದಾಗ ಏಳ್ಬಾರ್ದಾಗಿತ್ತಾ?"