ಎಲ್ಲರಿಗೂ ಗೊತ್ತಿದ್ದ ಪಾಸ್‌ವರ್ಡ್

ನಕ್ಷೆಯಕ್ಕ ಹಡಗು ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವಳು. ಕೇಳಿದವರಿಗೆ ಇಲ್ಲ ಎನ್ನುವ ಜಾಯಮಾನವೇ ಅವಳದಲ್ಲ. ಕತ್ತರಿ ಕೇಳಿದರೆ ಕತ್ತರಿ, ಡಬ್ಬಿಯ ಊಟ ಕೇಳಿದರೆ ಊಟ, ಕಂಪ್ಯೂಟರಿನ ಪಾಸ್‌ವರ್ಡ್ ಕೇಳಿದರೆ ಅದೂ ಸೈ. ಇಡೀ ವಿಭಾಗಕ್ಕೆ ಅದು ಬಾಯಿಪಾಠ. ಹೊಸದಾಗಿ ಸೇರಿದವರಿಗೆ ಕುಡಿಯುವ ನೀರಿನ ನಲ್ಲಿ ತೋರಿಸಿದ ಮೇಲೆ ಅದನ್ನೇ ಹೇಳಿಕೊಡುತ್ತಿದ್ದರು.

ವರ್ಷಗಟ್ಟಲೆ ಅವಳು ಬರೆದದ್ದು ಕಾರ್ಖಾನೆಯ ಚರಂಡಿ, ಮೆಟ್ಟಿಲು, ಸೈಕಲ್ ನಿಲ್ಲಿಸುವ ಜಾಗ. ಹಡಗಿನ ನಕ್ಷೆಗಳೆಲ್ಲ ಮೇಲಂತಸ್ತಿನ ಬೀಗದ ಕೋಣೆಯಲ್ಲಿ. ಒಂದು ಹಡಗನ್ನಾದರೂ ಕೈಯಾರೆ ಬರೆಯಬೇಕೆಂದು ಅವಳ ಜೀವ ಹಾತೊರೆಯುತ್ತಿತ್ತು. ಕೊನೆಗೂ ಆ ಕೋಣೆಗೆ ಅವಳ ಹೆಸರು ಹೋಯಿತು. ಆದರೆ ಅಲ್ಲಿ ಕಾಲಿಡಲು ಭದ್ರತಾ ಅನುಮತಿ ಬೇಕು, ಅದಕ್ಕೆ ಮುಂಚೆ ನಡತೆಯ ವಿಚಾರಣೆ ಆಗಬೇಕು. ವಿಚಾರಣೆಗೆ ಬಂದ ಅಧಿಕಾರಿಯೋ, ನಗುವನ್ನು ಮನೆಯಲ್ಲೇ ಬಿಟ್ಟು ಬರುವ ಆಸಾಮಿ.

ವಿಭಾಗದವರು ಅವಳನ್ನು ಹೊಗಳಿ ಅಟ್ಟಕ್ಕೇರಿಸಿದರು. "ಚಿನ್ನದಂಥ ಹೆಂಗಸು ಸಾರ್. ನಮ್ಮ ಕಂಪ್ಯೂಟರ್ ಕೈಕೊಟ್ರೆ ಅವರ ಪಾಸ್‌ವರ್ಡೇ ಗತಿ," ಎಂದ ಪಕ್ಕದ ಮೇಜಿನವನು. ಮನೆಗೆ ಬಂದು ಕೇಳಿದಾಗ ಅತ್ತೆಯೇನು ಹಿಂದೆ ಬಿದ್ದರೇ? "ನನ್ನ ಸೊಸೆ ಮುಚ್ಚುಮರೆ ಗೊತ್ತಿಲ್ದೋಳು. ಆಫೀಸಲ್ಲಿ ನಡೆದಿದ್ದೆಲ್ಲ ಒಂದೂ ಬಿಡದೆ ನಂಗೆ ಹೇಳ್ತಾಳೆ," ಎಂದರು ಹೆಮ್ಮೆಯಿಂದ. ಹೊಗಳಿಯೇ ಮುಳುಗಿಸುವುದೆಂದರೆ ಇದು ನೋಡಿ.

ಮರುದಿನ ಅಧಿಕಾರಿ ಕಂಪ್ಯೂಟರ್ ಬಳಕೆಯ ಪಟ್ಟಿ ಹಿಡಿದು ಅವಳ ಮೇಜಿಗೇ ಬಂದ. ಅವಳ ಹೆಸರಿನಲ್ಲಿ ಆ ಕಂಪ್ಯೂಟರ್ ಕುಸ್ತಿ ನೋಡಿತ್ತು, ಗಂಡಸರ ಚಪ್ಪಲಿ ಕೊಂಡಿತ್ತು, ಬೋಳುತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆ ಹುಡುಕಿತ್ತು. ಅಧಿಕಾರಿ ಅವಳ ಸೊಂಟದವರೆಗಿನ ಜಡೆಯನ್ನೊಮ್ಮೆ ನೋಡಿದ.

"ಎಣ್ಣೆ ನಿಮಗಾ?"

ವಿಭಾಗದ ಮುಖ್ಯಸ್ಥರು ನುಣ್ಣನೆಯ ತಲೆ ಸವರಿಕೊಳ್ಳುತ್ತ ಕಿಟಕಿಯಾಚೆ ನೋಡತೊಡಗಿದರು. ಅವಳಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು, ಅದರ ಬೆನ್ನಿಗೇ ಅಳುವೂ. ಯಾರೋ ಕದ್ದು ಬಳಸಿದರು ಎಂದುಬಿಟ್ಟರೆ ತಾನು ಪಾರು. ಆದರೆ ಕೊಟ್ಟವಳು ತಾನೇ ತಾನೆ!

"ಎಣ್ಣೆ ನಂಗಲ್ಲ ಸಾರ್. ಪಾಸ್‌ವರ್ಡ್ ಮಾತ್ರ ನಾನೇ ಕೊಟ್ಟಿದ್ದು, ಕೇಳಿದೋರಿಗೆಲ್ಲ. ಮಗಳ ಸ್ಕೂಲಿನ ಚಿತ್ರಗಳನ್ನೂ ಇಲ್ಲೇ ಪ್ರಿಂಟ್ ತೆಗ್ದಿದೀನಿ. ತಪ್ಪು ನಂದೇ. ನಿನ್ನೆ ಅತ್ತೆ ನಿಮಗೆ ಹೇಳಿದ್ದು ಕೇಳಿ ಎದೆ ಧಸಕ್ ಅಂತು. ಬೆಳಿಗ್ಗೆ ಬಂದೋಳೇ ಪಾಸ್‌ವರ್ಡ್ ಬದಲಾಯಿಸ್ದೆ. ಆಗಿಂದ ಅರ್ಧ ವಿಭಾಗ ನನ್ನ ಜೊತೆ ಮಾತು ಬಿಟ್ಟಿದೆ."

ಅಧಿಕಾರಿ ಅವಳ ಕುರ್ಚಿಯಲ್ಲಿ ಕುಳಿತ. "ಇದರಲ್ಲಿ ಇನ್ನೇನೇನಿದೆ ನಾನು ನೋಡ್ಬೇಕು. ಹೊಸ ಪಾಸ್‌ವರ್ಡ್ ಹೇಳಿ."

ಬಾಯಿ ತೆರೆದೇಬಿಟ್ಟಳು. ಹಾಳು ಅಭ್ಯಾಸ. ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗಿರುವವನು ಸಣ್ಣಪುಟ್ಟವನಲ್ಲ; ಹಡಗು ಸಿಗುವುದೂ ಕೈತಪ್ಪುವುದೂ ಅವನ ಕೈಯಲ್ಲಿ. ಅಕ್ಷರವನ್ನು ಗುಳಕ್ಕನೆ ನುಂಗಿಕೊಂಡಳು.

"ಹೇಳಲ್ಲ ಸಾರ್. ನಾನೇ ಒತ್ತಿ ತೆಗೆದುಕೊಡ್ತೀನಿ. ನೀವು ಸ್ವಲ್ಪ ಆ ಕಡೆ ತಿರುಗಿ."

ಅಧಿಕಾರಿ ಎದ್ದ, ಗೋಡೆಗೆ ಮುಖ ಮಾಡಿ ನಿಂತ. ಅವನ ಭುಜಗಳು ಕುಲುಕತೊಡಗಿದವು. ನಗುತ್ತಿದ್ದ, ಮಹಾರಾಯ.

"ಸೋಮವಾರದಿಂದ ಮೇಲಿನ ಕೋಣೆಗೆ ಬನ್ನಿ," ಎಂದ, ಗೋಡೆಗೇ.

ಆ ಸಂಭ್ರಮದಲ್ಲಿ ಅವಳು ಒತ್ತಿದ ಪಾಸ್‌ವರ್ಡ್ ತಪ್ಪಿತು. ಇನ್ನೊಮ್ಮೆ ಒತ್ತಿದಳು, ಮತ್ತೆ ತಪ್ಪಿತು.

"ಅಲ್ಲೇ ಇರಿ ಸಾರ್, ಈಗ್ಲೇ ತಿರುಗ್ಬೇಡಿ," ಎಂದಳು.