ಕದಲದ ಗಾಡಿ

ನಮ್ಮ ವಾಕಿಂಗ್ ಗೆಳೆಯ ಶ್ರೀಕಂಠಯ್ಯ ತೀರಿಕೊಂಡಾಗ ವಸಂತಪುರದಿಂದ ವಿದ್ಯುತ್ ಚಿತಾಗಾರಕ್ಕೆ ಕೊಂಡೊಯ್ದೆವು. ಅವನನ್ನು ಮಲಗಿಸಿದ್ದ ಗಾಡಿ ಕುಲುಮೆಯ ಬಾಗಿಲಲ್ಲೇ ನಿಂತುಬಿಟ್ಟಿತು. ಎಷ್ಟು ತಳ್ಳಿದರೂ ಕದಲಲಿಲ್ಲ.

“ಅಣ್ಣನಿಗೆ ಹೋಗೋಕೆ ಮನಸ್ಸಿಲ್ಲ ಕಣೇ ಸುಧಾ. ಕೊನೆಗಾಲದಲ್ಲಿ ನೀನು ಪಕ್ಕದಲ್ಲಿರಲಿಲ್ಲವಲ್ಲ” ಎಂದು ಅವನ ತಂಗಿ ಹೇಳಿದ್ದೇ ತಡ, ಅವನ ಒಬ್ಬಳೇ ಮಗಳು ಸುಧಾ ಗೋಡೆ ಹಿಡಿದು ಕುಸಿದಳು.

ನನಗೆ ತಡೆಯಲಾಗಲಿಲ್ಲ. ಬಗ್ಗಿ ನೋಡಿದೆ. “ಮನಸ್ಸೂ ಇಲ್ಲ, ಮಣ್ಣೂ ಇಲ್ಲಮ್ಮ. ಚಕ್ರ ಒಣಗಿದೆ, ಘರ್ಷಣೆ ಅಷ್ಟೇ. ಪುರೋಹಿತರೇ, ಆ ತುಪ್ಪ ಇತ್ತ ಕೊಡಿ.”

“ಏನ್ ಸಾರ್, ಇದು ಕರ್ಮಕ್ಕೆ ತಂದಿರೋ ತುಪ್ಪ!”

“ಅವನಿಗೇ ತಲುಪುತ್ತೆ ಸ್ವಾಮಿ, ಸ್ವಲ್ಪ ಕೆಳಗಿನಿಂದ.”

ಸುಧಾ ಎದ್ದು ಬಂದು, ಪುರೋಹಿತರ ಕೈಯಿಂದ ಲೋಟ ತೆಗೆದುಕೊಂಡು ತಾನೇ ಚಕ್ರಗಳಿಗೆ ತುಪ್ಪ ಹುಯ್ದಳು. ಕಿರ್ರೆಂದ ಗಾಡಿ ಆಮೇಲೆ ಸದ್ದಿಲ್ಲದೆ ಒಳಗೆ ಜಾರಿತು. ಝಳಕ್ಕೆ ನಾವೆಲ್ಲ ಹಿಂದೆ ಸರಿದೆವು, ಅವಳು ಸರಿಯಲಿಲ್ಲ.

“ಅಂಕಲ್, ಅಪ್ಪ ಕೋಪ ಮಾಡ್ಕೊಂಡು ಹೋಗ್ಲಿಲ್ಲ ಅಲ್ವಾ?”

“ಇಲ್ಲಮ್ಮ. ನೀನೇ ಕಳಿಸಿಕೊಟ್ಟೆಯಲ್ಲ.”

ಮನೆಗೆ ಬಂದು ಸ್ನಾನ ಮಾಡಿ, “ನನ್ನ ಸರದಿ ಬಂದಾಗ ಪುರೋಹಿತರಿಗೆ ಗ್ರೀಸ್ ಡಬ್ಬಿ ತರೋಕೆ ಹೇಳು” ಎಂದು ಹೆಂಡತಿಗೆ ಹೇಳಿದೆ. ಅವತ್ತಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮಾತಾಡದೆ ಇರಲಾಗದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.