ಮನಮಿತ್ರ ಮತ್ತು ಒಂದು ಹೆಚ್ಚುವರಿ ಮುದ್ದೆ

ಮಗಳ ಪ್ರಾಜೆಕ್ಟಿನ ಪ್ರದರ್ಶನದ ದಿನ ಕರೆಂಟು ಹೋಗಬಹುದಿತ್ತು, ಹುಣಸೂರಿನಲ್ಲಿ ಕರೆಂಟು ಹೋಗುವುದಕ್ಕೆ ಕಾರಣ ಬೇಕಿಲ್ಲ, ನಾಲ್ಕು ಜನ ಸೇರಿದ ಸಭೆಯೊಂದಿದ್ದರೆ ಸಾಕು. ಪ್ರೊಜೆಕ್ಟರಿನ ವೈರು ಲ್ಯಾಪ್‌ಟಾಪಿಗೆ ಹೊಂದದೆ ಹೋಗಬಹುದಿತ್ತು. ಕನ್ನಡದ ಅಕ್ಷರಗಳೆಲ್ಲ ಪರದೆಯ ಮೇಲೆ ಚೌಕಚೌಕವಾಗಿ ಉದುರಬಹುದಿತ್ತು. ಪರೀಕ್ಷಕರು ‘ಇದರಿಂದ ಏನಮ್ಮ ಉಪಯೋಗ?’ ಎಂದು ಕೇಳಿ, ಮಗಳು ತಡವರಿಸಿ, ಹಿಂದಿನ ಬೆಂಚಿನಿಂದ ನಾನೇ ಎದ್ದು ಉತ್ತರ ಹೇಳಿಬಿಡಬಹುದಿತ್ತು. ಇದು ಎಲ್ಲಕ್ಕಿಂತ ಭಯಂಕರ. ಇಲ್ಲವೇ, ನನ್ನ ಅಕ್ಕ ಗೌರಕ್ಕನ ಓರಗಿತ್ತಿ ಜಯಮ್ಮ ಸೆರಗು ಬಿಗಿದು ಕಾಲೇಜಿನ ಗೇಟಿಗೇ ಬಂದು, ನಮ್ಮ ಮನೆತನದ ಮಾನವನ್ನು ಕಾಂಪೌಂಡಿನ ಮೇಲೆ ಒಣಗಹಾಕಬಹುದಿತ್ತು. ಚಿಂತೆಯ ವಿಷಯದಲ್ಲಿ ನಾನು ಅಚ್ಚುಕಟ್ಟಿನ ಮನುಷ್ಯ. ಮೇಷ್ಟರಾಗಿ ಮಕ್ಕಳಿಗೆ ಏನು ಕಲಿಸಿದ್ದೇನೋ ಗೊತ್ತಿಲ್ಲ, ಆಗದೆ ಇರುವುದಕ್ಕೆ ಮುಂಚಿತವಾಗಿ ಹೆದರುವ ವಿದ್ಯೆಯಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ.

ನನ್ನ ಮಗಳು ಸಿಂಧು ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಒಂದು ಆಟ ಕಟ್ಟಿದ್ದಳು. ವಿಷುವಲ್ ನಾವೆಲ್ ಅಂತೆ. ಪರದೆಯ ಮೇಲೊಂದು ಚಿತ್ರ, ಚಿತ್ರದ ಕೆಳಗೆ ಮಾತು, ಮಾತಿನ ಕೆಳಗೆ ನಾವು ಆರಿಸಬೇಕಾದ ಮೂರು ಉತ್ತರ. ಓಡುವುದಿಲ್ಲ, ಹಾರುವುದಿಲ್ಲ, ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಆಟದೊಳಗೆ ‘ಮನಮಿತ್ರ’ ಎಂಬ ಯಂತ್ರವಿದೆ. ನೊಂದವರು ಅದರ ಮುಂದೆ ಕೂತು ಸಂಕಟ ಹೇಳಿಕೊಳ್ಳುತ್ತಾರೆ. ಯಂತ್ರ ಏನು ಉತ್ತರಿಸಬೇಕೆಂದು ಒತ್ತುವವನು ಆಡುವವನು. ಕಡೆಗೆ ಯಂತ್ರದ ಯಜಮಾನರು ಬಂದು, ‘ಈ ಜನ ಹೇಳಿಕೊಂಡದ್ದನ್ನೆಲ್ಲ ಕೊಡು, ಯಂತ್ರಕ್ಕೆ ಪಾಠ ಮಾಡಬೇಕು’ ಎನ್ನುತ್ತಾರೆ. ಕೊಡಬೇಕೋ ಬೇಡವೋ ಎಂಬಲ್ಲಿಗೆ ಆಟ ನಿಲ್ಲುತ್ತದೆ.

ನೋಡಿ, ನನಗೆ ಸಿಟ್ಟು ಬಂದದ್ದು ಮೊದಲು ಆ ಮೂರು ಉತ್ತರಗಳ ಮೇಲೆ. ‘ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ’, ‘ಇನ್ನಷ್ಟು ಹೇಳಿ’, ‘ದೀರ್ಘವಾಗಿ ಉಸಿರಾಡಿ’. ಯಾವ ಮನುಷ್ಯ ಹೀಗೆ ಮಾತಾಡುತ್ತಾನೆ? ನಮ್ಮ ಕಡೆ ಕಷ್ಟ ಕೇಳುವವರು ಆಡುವುದು ಒಂದೇ ಮಾತು: ‘ಹೂಂ’. ಪಿರಿಯಾಪಟ್ಟಣದ ಹತ್ತಿರ ಅಕ್ಕನ ಊರಿನಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ಹೋಗಿ ನೋಡಬೇಕು. ಸೊಪ್ಪು ಬೇಯಿಸುವ ಎತ್ತರದ ಮನೆ, ಅದೇ ಬ್ಯಾರನ್ನು, ಅದರ ನೆರಳಲ್ಲಿ ಹೆಂಗಸರು ಸಾಲಾಗಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿರುತ್ತಾರೆ. ಕೈಗೆ ಕಪ್ಪು ಜಿಡ್ಡು, ಕಣ್ಣು ಎಲೆಯ ಮೇಲೆ. ಮುಖಕ್ಕೆ ಮುಖ ಕೊಡುವ ಅಗತ್ಯವಿಲ್ಲದ್ದರಿಂದ ಗಂಡನ ಮುಂದೆ ಆಡದ ಮಾತು ಅಲ್ಲಿ ತಾನಾಗಿ ಹೊರಬೀಳುತ್ತದೆ. ಪಕ್ಕದವಳು ‘ಹೂಂ’ ಎನ್ನುತ್ತಾಳೆ, ಇನ್ನೊಂದು ಕಡ್ಡಿ ತೆಗೆದುಕೊಳ್ಳುತ್ತಾಳೆ, ಸಂಜೆಗೆ ಕೈ ತೊಳೆಯುವಾಗ ಕೇಳಿದ್ದರಲ್ಲಿ ಅರ್ಧವನ್ನು ಜಿಡ್ಡಿನ ಜೊತೆಗೇ ತೊಳೆದುಬಿಡುತ್ತಾಳೆ. ಕೇಳುವುದರಷ್ಟೇ ಮರೆಯುವುದೂ ಅವಳ ಸೌಜನ್ಯ. ಯಂತ್ರಕ್ಕೆ ಬಾರದಿರುವುದು ಇದೇ.

ನನ್ನ ಮಗಳಿಗೂ ಬರಲಿಲ್ಲ. ಯಾಕೆಂದರೆ ಆಟದ ಮೂರನೆಯ ಭಾಗದಲ್ಲಿ ಗಿರಿಜಮ್ಮ ಎಂಬ ಹೆಂಗಸು ಮನಮಿತ್ರನ ಮುಂದೆ ಕೂತು, ‘ಒಲೆ ಬೇರೆಯಾದ ಮೇಲೂ ನನ್ನ ಕೈ ದಿನಾ ಒಂದು ಮುದ್ದೆ ಹೆಚ್ಚಿಗೆ ಕಟ್ಟುತ್ತದೆ. ಅದು ನನ್ನ ಓರಗಿತ್ತಿಯ ಮುದ್ದೆ. ಯಾರಿಗೂ ಕಾಣದಂತೆ ಹಸುವಿನ ಕಲಗಚ್ಚಿಗೆ ಹಾಕುತ್ತೇನೆ’ ಎಂದು ಗಳಗಳನೆ ಅಳುತ್ತಿದ್ದಳು.

ಆಡುತ್ತಿದ್ದವನು ಕೀಲಿಮಣೆ ಬಿಟ್ಟು ಮಗಳ ಕಡೆ ತಿರುಗಿದೆ. “ಸಿಂಧು, ಇದು ಗೌರಕ್ಕ ಅಲ್ವೇನೇ?”

“ಹೆಸರು ಬದಲಾಯಿಸಿದ್ದೀನಲ್ಲಪ್ಪ.”

“ನಿಂಗೆ ಹೇಗೆ ಗೊತ್ತಾಯ್ತು?”

“ಸೊಪ್ಪು ಕಟ್ಟುವಾಗ ಅತ್ತೆನೇ ಹೇಳಿದ್ರು.”

ತಲೆ ಚಚ್ಚಿಕೊಳ್ಳುವುದಕ್ಕೆ ಹತ್ತಿರದಲ್ಲಿ ಗೋಡೆಯಿರಲಿಲ್ಲ. ಬ್ಯಾರನ್ನಿನಲ್ಲಿ ಯಾರ ಸೊಪ್ಪು ಮೊದಲು ಬೇಯಬೇಕು ಎಂಬ ಮಾತಿಗೆ ಅಕ್ಕನಿಗೂ ಜಯಮ್ಮನಿಗೂ ವರ್ಷಗಳ ಹಿಂದೆ ಜಗಳವಾಗಿ, ಒಂದೇ ಮನೆಯ ನಡುವೆ ಗೋಡೆ ಎದ್ದು, ಮಾತು ನಿಂತಿತ್ತು. ಜಯಮ್ಮನ ಮಗಳು ಓದುವುದೂ ಇದೇ ಕಾಲೇಜಿನಲ್ಲಿ. ಆಟ ನೋಡಿದವಳು ಸಂಜೆಯೊಳಗೆ ಸುದ್ದಿಯನ್ನು ಗೋಡೆಯಾಚೆ ಮುಟ್ಟಿಸುತ್ತಾಳೆ. ಅಕ್ಕ ಇಷ್ಟು ಕಾಲ ಕಾಪಾಡಿಕೊಂಡ ಬಿಗುಮಾನ ಮಣ್ಣುಪಾಲು. ಹೇಳಿಕೊಂಡವರ ಗುಟ್ಟನ್ನು ಯಂತ್ರ ಇಟ್ಟುಕೊಳ್ಳುವುದು ಸರಿಯೇ ಎಂದು ಕೇಳುವ ಆಟವನ್ನು, ಹೇಳಿಕೊಂಡವರ ಗುಟ್ಟು ಎತ್ತಿಕೊಂಡೇ ಕಟ್ಟಿದ್ದಾಳೆ! ಇದನ್ನು ಹೇಳಿದರೆ, “ಕತೆ ಅಂದಮೇಲೆ ಎಲ್ಲಿಂದಲಾದರೂ ಬರಬೇಕಲ್ಲಪ್ಪ” ಎಂದಳು. ಬೇರೆಯವರ ಕಲಗಚ್ಚಿನ ಬಾನಿಯಿಂದಲೇ ಬರಬೇಕೆ?

ಅಕ್ಕನನ್ನು ಕೇಳದೆ ಆಟ ಹೊರಗೆ ಹೋಗಕೂಡದು ಎಂದು ಹಟ ಹಿಡಿದು, ಮಗಳನ್ನೂ ಲ್ಯಾಪ್‌ಟಾಪನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟೆ. ಅಕ್ಕ ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪನ್ನು ಮೊರದ ಹಾಗೆ ಇಟ್ಟುಕೊಂಡಳು. ಸಿಂಧು ಓದಿ ಹೇಳುತ್ತಿದ್ದಳು. ಅಕ್ಕ ಯಾವ ಗುಂಡಿಯನ್ನೂ ಒತ್ತದೆ, ಪರದೆಯ ಮೇಲಿನ ಪ್ರತಿಯೊಬ್ಬರಿಗೂ ಗಂಭೀರವಾಗಿ ‘ಹೂಂ’ ಎನ್ನುತ್ತಿದ್ದಳು. ಗಿರಿಜಮ್ಮನ ಮುದ್ದೆ ಬಂದಾಗ ಆ ಹೂಂ ನಿಂತಿತು. ಯಾರೂ ಏನೂ ಒತ್ತದಿದ್ದರೆ ಆಟ ತಾನೇ ಮಾತಾಡುತ್ತದೆ: ‘ನೀವು ಇನ್ನೂ ಇದ್ದೀರಾ?’

“ಇಲ್ಲೇ ಇವ್ನಿ ಕಣವ್ವ, ಎಲ್ಲೋಯ್ತೀನಿ” ಎಂದಳು ಅಕ್ಕ, ಪರದೆಗೆ.

ಸಿಂಧು ಲ್ಯಾಪ್‌ಟಾಪಿಗೆ ಕೈ ಹಾಕಿದಳು. “ಅತ್ತೆ, ತೆಗೆದುಬಿಡ್ತೀನಿ. ಕೇಳದೆ ಹಾಕಿದ್ದು ತಪ್ಪು.”

“ಯಾಕ್ ಮಗ ಇವ್ಳು ಅಳ್ತಾವ್ಳೆ?”

“ದುಃಖಕ್ಕೆ, ಅತ್ತೆ.”

“ನಾನ್ ಯಾವತ್ತೇ ಅತ್ತಿದ್ದೆ? ಮುದ್ದೆ ಕಟ್ಟೋಳು ಅಳ್ತಾ ಕೂತ್ರೆ ಹಿಟ್ಟು ಗಂಟಾಯ್ತದೆ. ಮೊದ್ಲು ಆ ಕಣ್ಣೀರು ಒರ್ಸು.”

“ಅಕ್ಕ, ಜಯಮ್ಮನ ಮಗಳು ನೋಡ್ತಾಳೆ” ಎಂದೆ ನಾನು, ಆತಂಕವನ್ನು ಅಕ್ಷರಬಿಡಿಸಿ ಹೇಳುವ ನನ್ನ ಅಭ್ಯಾಸದಂತೆ.

“ನೋಡ್ಲಿ ಬುಡ್ಲಾ. ಕಣ್ಣಿರೋದು ಯಾತಕ್ಕೆ?” ಎಂದು ಲ್ಯಾಪ್‌ಟಾಪನ್ನು ಕೆಳಗಿಟ್ಟು ಒಳಗೆ ಹೋದಳು. ಒಳಗಿನಿಂದ ಮತ್ತೆ, “ಅವ್ಳ ಮಗ್ಳು ನಿಂಗಿಂತ ಮುಂದ್ಲ ಬೆಂಚಲ್ ಕೂರ್ತಾಳಾ ಸಿಂಧೂ?” ಎಂದು ಕೇಳಿದಳು.

ಆಗ ನನಗೆ ಮಬ್ಬಾಗಿ ಹೊಳೆಯಿತು. ವರ್ಷಗಟ್ಟಲೆ ಗೋಡೆಯಾಚೆ ಕಳಿಸಲಾಗದ ಮಾತಿಗೆ ಅಕ್ಕ ಕಾಲು ಹುಡುಕುತ್ತಿದ್ದಳೋ ಏನೋ. ಹಾಗೆಂದು ಸಿಂಧು ಮಾಡಿದ್ದು ಸರಿಯಾಗಿಬಿಡುವುದಿಲ್ಲ. ಕೇಳಿದ ಮೇಲೆ ಒಪ್ಪಿಗೆ ಸಿಕ್ಕಿತೆಂದರೆ ಕೇಳಲೇಬೇಕಿರಲಿಲ್ಲ ಎಂದಲ್ಲವಲ್ಲ. ಇದನ್ನು ವಾಪಸು ಬರುವಾಗ ಬಸ್ಸಿನಲ್ಲಿ ಹುಣಸೂರಿನ ತನಕ ವಿವರಿಸಿದೆ. ಮಗಳು ಕಿಟಕಿಯ ಕಡೆ ನೋಡುತ್ತ ‘ಹೂಂ’ ಎಂದಳು. ಮನೆಗೆ ಬಂದವಳೇ ಗಿರಿಜಮ್ಮನ ಕಣ್ಣೀರು ಅಳಿಸಿ, ಮೂರು ಉತ್ತರಗಳ ಕೆಳಗೆ ನಾಲ್ಕನೆಯದಾಗಿ ‘ಹೂಂ’ ಸೇರಿಸಿದಳು.

ಪ್ರದರ್ಶನದ ದಿನ ಕರೆಂಟು ಹೋಗಲಿಲ್ಲ. ಅಕ್ಷರ ಉದುರಲಿಲ್ಲ. ಪರೀಕ್ಷಕರು ಉಳಿದದ್ದನ್ನು ಬಿಟ್ಟು ಹೂಂ ಗುಂಡಿಯನ್ನೇ ಒತ್ತುತ್ತಿದ್ದರು. ಜಯಮ್ಮನ ಮಗಳು ಮುಂದಿನ ಬೆಂಚಿನಲ್ಲೇ ಕೂತಿದ್ದಳು, ಕಡೆಯವರೆಗೂ ಎದ್ದುಹೋಗಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇಷ್ಟೆಲ್ಲ ಚಿಂತೆ ದಂಡವಾಯಿತಲ್ಲ ಎಂದು ಒಳಗೊಳಗೇ ರೇಗುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಅಕ್ಕನ ಫೋನು ಬಂತು. “ಲೋ, ಜಯಮ್ಮ ಬಂದಿದ್ಲು ಕಣ್ಲಾ. ಉಪ್ಸಾರು ಬಟ್ಲು ಸೆರಗಲ್ ಮುಚ್ಕಂಡು ಬಂದು, ‘ಎಲ್ಲಿ ಅಕ್ಕಾ ನನ್ ಮುದ್ದೆ?’ ಅಂತ ಕೂತೇ ಬುಟ್ಲು.”

“ಒಳ್ಳೇದಾಯ್ತಲ್ಲಕ್ಕ!”

“ಏನ್ ಒಳ್ಳೇದು ನಿನ್ ತಲೆ! ಗುಟ್ಟು ಹೊರಗ್ ಬಿತ್ತು, ಯಾರಾದ್ರೂ ಬಂದು ತಪ್ಲೆ ಇಣುಕಿ ನಗಾಡ್ತಾರೆ ಅಂತ ಇವತ್ತು ನಮ್ಗಾಗೋಷ್ಟೇ ಹಿಟ್ಟು ಅಳೆದು ಹಾಕಿದ್ದೆ ಕಣ್ಲಾ.”

‘ಹೂಂ’ ಎಂದೆ. ಇಷ್ಟು ವರ್ಷ ದಿನವೂ ಒಂದು ಹೆಚ್ಚಾಗುತ್ತಿದ್ದ ಮುದ್ದೆ, ಜಯಮ್ಮ ಬಂದು ಎಲೆ ಮುಂದೆ ಕೂತ ಆ ಒಂದು ದಿನ, ಒಂದು ಕಡಿಮೆ ಬಿದ್ದಿತ್ತು.